ಹಸಿ ಜಾಲಿಯ ಹೊಗೆ

ಹಸಿ ಜಾಲಿಯ ತುಂಡನ್ನು ಒಲೆಗಿಟ್ಟರೆ ಅದರ ಇನ್ನೊಂದು ತುದಿಯಲ್ಲಿ ಸಣ್ಣಗೆ ನೊರೆ ಉಕ್ಕುತ್ತದೆ. ಜೊತೆಗೆ ಬೆಲ್ಲ ಸೀದಂಥ ವಾಸನೆ. ಮೊನ್ನೆ ಶಹಾಪುರದ ನಮ್ಮ ಮನೆಯ ಹಿಂದಿನ ಖಾಲಿ ಜಾಗಕ್ಕೆ ಜೆಸಿಬಿ ಬಂದು ಬಳ್ಳಾರಿ ಜಾಲಿಯನ್ನೆಲ್ಲ ಕಿತ್ತುಹಾಕಿತು. ಬಿದ್ದ ಕಟ್ಟಿಗೆ ಬಿಡಲು ಮನಸ್ಸಾಗದೆ ನೀರೊಲೆ ಹಚ್ಚಿ, ಕಣ್ಣಿಗೆ ಟವೆಲ್ ಹಿಡಿದು ಕೂತೆ. ಉರಿ ಬಂತು, ನೀರು ಕಾಯಿತು. ಹೊಗೆ ಮಾತ್ರ ಹೆಸರಿಗಷ್ಟೇ.

ಹೊಗೆ ಬರದಿದ್ದರೆ ಒಳ್ಳೆಯದಲ್ಲವೇ ಎನ್ನುತ್ತೀರಿ. ಒಳ್ಳೆಯದೇ. ಆದರೆ ನಮ್ಮ ಮನೆಯ ಒಂದು ಕತೆ ಪೂರ್ತಿ ಈ ಹೊಗೆಯ ಮೇಲೆ ನಿಂತಿದೆ.

ಈ ಬಳ್ಳಾರಿ ಜಾಲಿಯನ್ನು ಹೊಗಳುವವರು ನಮ್ಮ ಕಡೆ ಇಲ್ಲ. ಅದು ಅಮೆರಿಕ ಖಂಡದ ಬಿಸಿ ನಾಡುಗಳಿಂದ ಬಂದದ್ದು. ಈಗ ನಮ್ಮೂರು ಗೋಗಿಯಿಂದ ಸುರಪುರದ ಗುಡ್ಡದ ತನಕ ಅದು ಇಲ್ಲದ ಹಳ್ಳದ ದಂಡೆಯಿಲ್ಲ. ಜಾತಿ ಕೇಳಿದರೆ ನಮ್ಮ ಹೊಲದ ತೊಗರಿಯ ದೂರದ ನೆಂಟ, ದ್ವಿದಳದ ಕುಟುಂಬ. ಶಾಸ್ತ್ರಜ್ಞರು ಇತ್ತೀಚೆಗೆ ಅದರ ಕುಲದ ಹೆಸರನ್ನೇ ಬದಲಿಸಿದ್ದಾರಂತೆ. ಗೋಗಿಯಲ್ಲಿ ಯಾರಿಗೂ ತಿಳಿಸಿದ ಹಾಗಿಲ್ಲ. ಸಿಹಿ ಕಾಯಿ ಆಡುಗಳಿಗೆ, ಮುಳ್ಳು ಬೇಲಿಗೆ ಮತ್ತು ನಮ್ಮ ಅಂಗಾಲಿಗೆ, ಕಟ್ಟಿಗೆ ಒಲೆಗೆ. ಅದನ್ನು ಬೈಯುತ್ತಲೇ ಅದರ ಕೆಂಡದ ಮೇಲೆ ರೊಟ್ಟಿ ಸುಟ್ಟುಕೊಂಡು ಬೆಳೆದವರು ನಾವು.

ಕತೆ ಇಷ್ಟು. ಅಕ್ಕ ಪಿಯುಸಿ ಮುಗಿಸಿದ ವರ್ಷ ಬಳಿಚಕ್ರ ಎಂಬ ಊರಿನಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬಂದರು. ಅವಳಿಗೆ ಮುಂದೆ ಓದಿ ಟೀಚರ್ ಆಗುವ ಆಸೆ. ನಮ್ಮ ಮನೆಯಲ್ಲಿ ದೊಡ್ಡಪ್ಪನ ಮಾತೇ ಕೊನೆ, ಅವನು ಈ ಸಂಬಂಧಕ್ಕೆ ಒಳಗೊಳಗೇ ಒಪ್ಪಿಯಾಗಿತ್ತು. ಹಿಂದಿನ ದಿನದಿಂದ ಬಿಡದ ಮಳೆ. ತೊಗರಿಕಟ್ಟಿಗೆ ತೊಯ್ದು ತೊಪ್ಪೆಯಾಗಿತ್ತು. ಹಸಿಯಿದ್ದರೂ ಉರಿಯುವುದು ಜಾಲಿಯೊಂದೇ ಎಂದು ಅದನ್ನೇ ಕಡಿದು ತಂದದ್ದು. ತಂದವನು ನಾನು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅಕ್ಕನ ಪ್ರಕಾರ ಆ ದಿನ ನಾನು ಜ್ವರ ಬಂದು ಕಂಬಳಿಯೊಳಗಿದ್ದೆ. ನನ್ನ ಅಂಗಾಲಿನಲ್ಲಿ ಮುಳ್ಳಿನ ಗುರುತೇನೋ ಇದೆ. ಅದು ಯಾವ ದಿನದ್ದೆಂದು ಗುರುತು ಹೇಳುವುದಿಲ್ಲ.

ಅಕ್ಕ ಚಹಾ ತಂದಾಗ ಅವಳ ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದವು. ಪಡಸಾಲೆಯ ಗಂಡಸರೆಲ್ಲ ತಿರುಗಿ ನೋಡಿದರು. ಹುಡುಗನ ಅಜ್ಜಿ ಕೇಳಿದಳು:

"ಯಾಕವ್ವಾ ತಂಗಿ, ಅತ್ತೀಯೇನು?"

ಒಳಗಿನಿಂದ ದೊಡ್ಡವ್ವ ಓಡಿ ಬಂದಳು. "ಅಳೂದೆಲ್ಲೀದ್ರೀ ಯವ್ವಾ. ಮಳಿ ನೋಡ್ರಿ, ಹಸಿ ಜಾಲಿಕಟಗಿ. ಕಣ್ಣಿಗಿ ಹೊಗಿ ಹತ್ಯಾದ."

ಅಜ್ಜಿ ಅಕ್ಕನನ್ನು ನೋಡಿದಳು, ಒಲೆಯ ಕಡೆ ನೋಡಿದಳು. "ಹೌದವ್ವಾ," ಅಂದಳು, "ಭಾಳ ಹೊಗಿ."

ಹೋಗುವಾಗ ಅಕ್ಕನ ಗಲ್ಲ ಮುಟ್ಟಿ, "ಸಾಲಿ ಕಲೀಯವ್ವಾ. ಒಲಿ ಎಲ್ಲಿ ಓಡಿಹೋಗ್ತದ?" ಅಂದಳಂತೆ. ಇದನ್ನು ನಾನೇ ಕೇಳಿದೆನೋ, ಆಮೇಲೆ ಯಾರೋ ಹೇಳಿದ್ದನ್ನು ನನ್ನ ಕಿವಿಗೆ ಅಂಟಿಸಿಕೊಂಡೆನೋ. ವಾರದಲ್ಲಿ ಬಳಿಚಕ್ರದಿಂದ ಸುದ್ದಿ ಬಂತು: ಈ ವರ್ಷ ನಮ್ಮ ಕಡೆ ಕೂಡಿಬರೂದಿಲ್ರಿ. ದೊಡ್ಡಪ್ಪ ಜಾಲಿಗೆ ಬೈದ; ಹಾಳು ಗಿಡ, ಅದರ ಹೊಗೆಯಿಂದ ಚಲೋ ಸಂಬಂಧ ಹೋಯಿತು ಎಂದು. ನಾವೂ ಹಾಗೇ ಹೇಳುತ್ತ ಬಂದೆವು. ಅಕ್ಕ ಓದಿದಳು, ಸುರಪುರದಲ್ಲಿ ಟೀಚರ್ ಆದಳು, ತಾನು ಒಪ್ಪಿದವನನ್ನು ಮದುವೆಯಾದಳು.

ನೀರೊಲೆಯ ಮುಂದೆಯೇ ಅವಳಿಗೆ ಫೋನ್ ಮಾಡಿದೆ. "ಅಕ್ಕಾ, ಹಸಿ ಜಾಲಿ ಹಚ್ಚೀನಿ. ಹೊಗೀನೇ ಬರವಲ್ದು."

ಆ ಕಡೆಯಿಂದ ನಗು. "ಜಾಲಿ ಯಾವಾಗರೆ ಅಷ್ಟು ಹೊಗಿ ಆಡ್ಯಾದೇನೋ ಹುಚ್ಚಾ? ಮುಂಜಾನಿಂದ ಅಡಗಿಮನ್ಯಾಗ ಕುಂತು ಅತ್ತಿದ್ದೆ."

"ದೊಡ್ಡವ್ವಗ ಗೊತ್ತಿತ್ತೇನು?"

"ದಿನಾ ಅದರ ಮ್ಯಾಲೇ ರೊಟ್ಟಿ ಮಾಡೂಕಿ. ಗೊತ್ತಿಲ್ದ ಏನು!"

"ಮತ್ತ ಆ ಬಳಿಚಕ್ರದ ಮುದುಕಿ?"

"ಆಕಿ ಮನ್ಯಾಗರೆ ಬ್ಯಾರೆ ಯಾವ ಕಟಗಿ ಇತ್ತೋ ತಮ್ಮಾ," ಅಂದಳು.

ಗಂಡಸರು ತುಂಬಿದ ಪಡಸಾಲೆಯಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಸುಳ್ಳು ಹೇಳಿದರು, ಇಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು, ಮತ್ತು ಅಷ್ಟರಲ್ಲಿ ಒಂದು ಹುಡುಗಿಯ ಬದುಕು ಅವಳ ಕೈಗೇ ಬಂತು. ಬೈಗುಳವನ್ನೆಲ್ಲ ಜಾಲಿ ಹೊತ್ತುಕೊಂಡಿತು. ಆ ಅಜ್ಜಿಯ ಮುಖ ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಮುಖವೊಂದನ್ನು ಕಟ್ಟಿಕೊಳ್ಳಬಹುದಿತ್ತು, ಅದು ನನಗೆ ಬರುವ ವಿದ್ಯೆಯೇ. ಈ ಸಲ ಕಟ್ಟಲಿಲ್ಲ. ಮುಖ ಇರಬೇಕಿದ್ದ ಆ ಖಾಲಿ ಜಾಗಕ್ಕೇ ಕೈ ಮುಗಿದೆ.

ನೀರು ಕಾಯಿತೇನೆಂದು ನೋಡಲು ಹೆಂಡತಿ ಬಂದಳು. "ಯಾಕ್ರೀ, ಕಣ್ಣು ಕೆಂಪಗಾಗ್ಯಾವ?"

"ಹೊಗಿ," ಅಂದೆ.

ಆಕೆ ನಿಗಿನಿಗಿ ಉರಿಯುತ್ತಿದ್ದ ಒಲೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹೌದ್ರಿ," ಅಂದಳು, "ಭಾಳ ಹೊಗಿ."