ಒಂದು ಮೋಡದಷ್ಟು ವ್ಯತ್ಯಾಸ

ಬಣ್ಣದಂಗಡಿಯ ಯಜಮಾನನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಬೀದಿಯವರು ಕರೆಯುತ್ತಿದ್ದದ್ದು ಮಾತ್ರ ಮೋಡಪ್ಪ ಎಂದು. ಗೋಡೆಗೆ ಬಳಿಯುವ ಬಣ್ಣವನ್ನು ಕಣ್ಣಂದಾಜಿನಲ್ಲೇ ಬೆರೆಸಿಕೊಡುವುದು ಅವನ ಕಸುಬು. ಒಂದೇ ಬಣ್ಣದ ಎರಡು ಡಬ್ಬಗಳ ನಡುವೆ ಹೆಸರಿಡಲಾಗದಷ್ಟು ಸಣ್ಣ ವ್ಯತ್ಯಾಸ ಕಂಡರೆ, "ಇದು ಒಂದು ಮೋಡ ಜಾಸ್ತಿ" ಎನ್ನುವನು. ಅರ್ಧ ಮೋಡವೂ ಇತ್ತು. ಕಾಲು ಮೋಡ ಅವನೊಬ್ಬನಿಗೇ ಕಾಣುತ್ತಿತ್ತಾದ್ದರಿಂದ ಯಾರೂ ವಾದಕ್ಕೆ ಇಳಿಯುತ್ತಿರಲಿಲ್ಲ.

ಇಷ್ಟು ಘನವಾದ ಮಾತು ಹುಟ್ಟಿದ್ದು ಅಪ್ಪಟ ಸುಳ್ಳಿನಿಂದ. ಅಂಗಡಿ ತೆರೆದವನು ಇವನ ಅಪ್ಪ. ಒಮ್ಮೆ ಒಬ್ಬ ಗಿರಾಕಿ, ಎರಡನೇ ಡಬ್ಬದ ಬಣ್ಣ ಮೊದಲನೆಯದಕ್ಕೆ ಹೊಂದುತ್ತಿಲ್ಲವೆಂದು ಜಗಳಕ್ಕೆ ಬಂದ. ಅದನ್ನು ಬೆರೆಸುವಾಗ ಅಪ್ಪ ತೂಕಡಿಸಿದ್ದ. ಏನು ಹೇಳಬೇಕೆಂದು ತೋಚದೆ ಮೇಲೆ ನೋಡಿದ. ಪುಣ್ಯಕ್ಕೆ ಅಲ್ಲೊಂದು ಮೋಡವಿತ್ತು.

"ಮೋಡ ಸ್ವಾಮಿ. ಬಿಸಿಲು ಬರ್ಲಿ, ಸರಿಹೋಗುತ್ತೆ" ಎಂದುಬಿಟ್ಟ.

ಬಿಸಿಲು ಬರುವಷ್ಟರಲ್ಲಿ ಗಿರಾಕಿಯ ಸಿಟ್ಟು ಇಳಿದಿತ್ತು. ಮಗರಾಯ ಆ ಸುಳ್ಳನ್ನೇ ಅಳತೆಗೋಲು ಮಾಡಿಕೊಂಡು ದೊಡ್ಡ ಮನುಷ್ಯನಾದ.

ಮದುವೆಯಾದ ಮೇಲೆ ಆ ಅಳತೆ ಮನೆಯೊಳಕ್ಕೂ ಬಂತು. ಹೆಂಡತಿಯ "ಆಯ್ತು" ಮತ್ತು "ಆಯ್ತು ಬಿಡಿ" ಇವೆರಡರ ನಡುವೆ ಇರುವುದು ಒಂದೇ ಒಂದು ಮೋಡ ಎಂದು ಅವನು ಗೆಳೆಯರಿಗೆ ಪಾಠ ಹೇಳುತ್ತಿದ್ದ. ಮೊದಲನೆಯದಾದರೆ ಊಟ ಬಿಸಿಯಾಗಿರುತ್ತದೆ. ಎರಡನೆಯದಾದರೆ ಊಟವೂ ತಣ್ಣಗೆ, ಮನೆಯೂ ತಣ್ಣಗೆ. ಇಷ್ಟು ಕಲಿಯುವಷ್ಟರಲ್ಲಿ ಅವನ ತಲೆಕೂದಲು ಅರ್ಧ ಉದುರಿತ್ತು.

ಒಂದು ಮಧ್ಯಾಹ್ನ ಬೇಕರಿಯವಳು ಬಣ್ಣ ಬಳಿದ ಎರಡು ಹಲಗೆ ಹಿಡಿದು ಬಂದಳು.

"ಎರಡು ಡಬ್ಬನೂ ತಿಳಿನೀಲಿ ಅಂದ್ರಿ. ನನ್ನ ಗೋಡೆ ಅರ್ಧ ನೀಲಿ, ಅರ್ಧ ಹಸಿರು."

"ಮೋಡ ಕಣಮ್ಮ."

"ಎಲ್ಲಿದೆ, ತೋರಿಸಿ ಬನ್ನಿ."

ಹೊರಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಹಲಗೆಗಳನ್ನು ಅಕ್ಕಪಕ್ಕ ಹಿಡಿದು ನೋಡಿದ. ಎರಡೂ ಒಂದೇ ಥರ ಕಂಡವು. ಕಣ್ಣು ಕೈಕೊಟ್ಟಿದೆ ಎಂದು ಬೀದಿಗೆ ಗೊತ್ತಾದರೆ ಇವನ ಹತ್ತಿರ ಬಣ್ಣ ಬೆರೆಸಿಕೊಳ್ಳಲು ಯಾರು ಬಂದಾರು? ಬೇರೆ ಕಸುಬು ಅವನಿಗೆ ಬಾರದು. ನಾಳೆ ನೋಡೋಣವೆಂದು ಅವಳನ್ನು ಸಾಗಹಾಕಿ, ಬಾಗಿಲೆಳೆದುಕೊಂಡು ಮನೆಗೆ ಬಂದ.

"ಕಣ್ಣಿಗೆ ಪೊರೆ ಬಂದಿದೆ. ತೆಗೆಸೋಣ" ಎಂದಳು ಹೆಂಡತಿ, ಎಲ್ಲ ಕೇಳಿದ ಮೇಲೆ.

"ನನ್ನ ಕಣ್ಣಿಗೆ ಏನೂ ಆಗಿಲ್ಲ ಕಣೇ." ಕಣ್ಣಿಗೆ ಕತ್ತರಿ ಹಾಕಿಸಿಕೊಂಡು ಇರುವ ಅಷ್ಟಿಷ್ಟು ದೃಷ್ಟಿಯೂ ಹೋದರೆ ಎಂಬ ಭಯ ಅವನಿಗೆ.

"ಆಯ್ತು ಬಿಡಿ."

ಮರುದಿನ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಮೋಡಪ್ಪ ಅಲ್ಲಿ ಹಾಜರಿದ್ದ.

ಪೊರೆ ತೆಗೆಸಿ, ಕಟ್ಟು ಬಿಚ್ಚಿಸಿಕೊಂಡು ಮನೆಗೆ ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಗೋಡೆ ಜ್ವರ ಬಂದವನ ನಾಲಿಗೆಯ ಹಾಗಿತ್ತು.

"ಯಾವ ಕುರುಡ ಬಳಿದಿದ್ದು ಇದನ್ನ?"

"ನೀವೇ. ಹೋದ ವರ್ಷ. ಕೆನೆಬಣ್ಣ ಅಂದಿದ್ರಿ."

"ವರ್ಷವೆಲ್ಲ ಇದನ್ನೇ ನೋಡ್ಕೊಂಡು ಅಡುಗೆ ಮಾಡಿದ್ಯಾ? ಬಾಯಿಬಿಟ್ಟು ಹೇಳೋದಲ್ವಾ?"

ಅವಳು ಒಲೆಯಿಂದ ತಿರುಗಲಿಲ್ಲ. "ಎಷ್ಟು ಖುಷಿಯಾಗಿ ಬಳಿದ್ರಿ. ಮೋಡ ಅಂದ್ಕೊಂಡೆ."

ಕಣ್ಣಿಗೆ ನೀರು ತಾಗಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಒಳಗಿನಿಂದ ಬರುವ ನೀರಿನ ವಿಷಯ ಹೇಳಿರಲಿಲ್ಲ.

"ಮೊದಲು ಬೇಕರಿಯವಳ ಹತ್ರ ಹೋಗಿ, ತಪ್ಪು ನಂದೇ ಅಂತ ಹೇಳ್ತೀನಿ. ಅವಳ ಗೋಡೆ ಆದ್ಮೇಲೆ ನಿಂದು. ಆಗಬಹುದಾ?"

"ಆಯ್ತು" ಎಂದಳು.

ಅವನು ಕಿವಿಗೊಟ್ಟು ಕಾದ. "ಬಿಡಿ" ಬರಲಿಲ್ಲ. ಊಟ ಬಿಸಿಯಾಗಿತ್ತು.