ಗಿರಣಿ ಬಂಗಲೆಯ ಸೊನಾಟಾ

ಪಿಯಾನೊದ ಧ್ವನಿಯನ್ನು ನಾನು ಮೊದಲು ಕೇಳಿದ್ದು ಎತ್ತಿನ ಗಾಡಿಯಲ್ಲಿ ಕುಳಿತು. ಆಗ ನನಗೆ ಹದಿನೇಳು. ಮದುವೆಯಾಗಿ ಕಮಲಾಪುರದಿಂದ ಕಲಬುರಗಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಬ್ಬಕ್ಕೆ ತವರಿಗೆ ಹೋಗಿದ್ದ ನನ್ನನ್ನು ಕರೆತರಲು ಅತ್ತೆಯೇ ಬಂದಿದ್ದರು. ಮಹಾಗಾಂವದಲ್ಲಿ ಬುತ್ತಿ ಬಿಚ್ಚಿ ಉಂಡು, ಬಿಸಿಲು ಇಳಿಯುವ ಹೊತ್ತಿಗೆ ಬಟ್ಟೆ ಗಿರಣಿಯ ರಸ್ತೆಗೆ ಬಂದೆವು. ಎತ್ತಿನ ಹಗ್ಗ ಸಡಿಲಾಗಿದೆ ಎಂದು ಗಾಡಿಯವನು ಇಳಿದ. ನಾವು ನಿಂತದ್ದು ಗಿರಣಿಯ ಇಂಜಿನಿಯರ್ ಸಾಹೇಬರ ಬಂಗಲೆಯ ಎದುರು.

ಕಿಟಕಿಯಿಂದ ಬಂದ ಸದ್ದು ನಾನು ಬಲ್ಲ ಯಾವುದರ ಹಾಗೂ ಇರಲಿಲ್ಲ. ಭಜನೆಯ ಪೇಟಿ ಗೊತ್ತಿತ್ತು, ಮದುವೆಯ ಸನಾದಿ ಗೊತ್ತಿತ್ತು. ಇಲ್ಲಿ ಅಂಗಳದಲ್ಲಿ ನಾಲ್ಕಾರು ಹೆಂಗಸರು ಏಕಕಾಲಕ್ಕೆ ಮಾತಾಡಿಕೊಂಡ ಹಾಗಿತ್ತು; ಆದರೂ ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಮುಚ್ಚುತ್ತಿರಲಿಲ್ಲ.

"ಎಷ್ಟು ಮಂದಿ ಬಾರಸಾಕತ್ತಾರ?" ಎಂದು ಅತ್ತೆ ಕೇಳಿದರು.

"ಕಾಣವಲ್ದರಿ ಅತ್ತಿ," ಎಂದೆ.

ಗಾಡಿ ಹೊರಟಿತು. ಸದ್ದು ಹಿಂದೆ ಉಳಿಯಿತು. ತವರನ್ನು ಬಿಟ್ಟು ಬಂದ ದುಃಖವನ್ನು ಬೆಳಗಿನಿಂದ ತಡೆದುಕೊಂಡಿದ್ದೆ. ಅದೇಕೋ ಆ ರಸ್ತೆಯ ತಿರುವಿನಲ್ಲಿ ಕಣ್ಣೀರಾಗಿ ಇಳಿಯಿತು. ಅತ್ತೆ ನೋಡಿಯೂ ನೋಡದವರ ಹಾಗೆ ಕುಳಿತರು.

ನನ್ನ ಗಂಡ ಗಿರಣಿಗೆ ಹತ್ತಿ ಕೊಡಿಸುವ ವ್ಯಾಪಾರಸ್ಥರು. ಕೆಲವು ತಿಂಗಳ ಮೇಲೆ ಅವರೇ ಒಂದು ಸುದ್ದಿ ತಂದರು. ಇಂಜಿನಿಯರರ ಮೇಮ್‌ಸಾಹೇಬರಿಗೆ ಗಿರಣಿಯ ಹೆಣ್ಣಾಳುಗಳ ಜೊತೆ ಮಾತಾಡಲು ಕನ್ನಡ ಕಲಿಯಬೇಕಂತೆ; ಕಲಿಸಲು ಹೆಂಗಸೇ ಬೇಕಂತೆ. ಆಗ ಕಚೇರಿಯಲ್ಲಿ, ಶಾಲೆಯಲ್ಲಿ ಎಲ್ಲ ಉರ್ದು. ಕನ್ನಡ ಓದಬಲ್ಲ ಹೆಂಗಸರು ಊರಲ್ಲಿ ಬೆರಳೆಣಿಕೆಯಷ್ಟು. ನನಗೆ ಮಾತ್ರ ನಮ್ಮಪ್ಪ ಹಟ ಹಿಡಿದು ಮಠದ ಅಯ್ಯನವರಿಂದ ಅಕ್ಷರ ಕಲಿಸಿದ್ದರು.

"ಒಬ್ಬಾಕಿನ ಹ್ಯಾಂಗ ಕಳಸೂದು? ನಾನೂ ಹೋಗ್ತೀನಿ," ಎಂದರು ಅತ್ತೆ. ಆ ಸದ್ದು ಅವರನ್ನೂ ಕಾಡಿತ್ತೆಂದು ನನಗೆ ಆಗ ತಿಳಿದಿರಲಿಲ್ಲ.

ಮೇಮ್‌ಸಾಹೇಬರಿಗೆ ಮೂವತ್ತೈದರ ಆಸುಪಾಸು. ಬಡಕಲು ಮೈ, ಮೆಲ್ಲನೆಯ ಮಾತು. ನಮ್ಮಿಬ್ಬರ ನಡುವೆ ಇದ್ದದ್ದು ಅರೆಬರೆ ಉರ್ದು. ವಾರಕ್ಕೆ ಮೂರು ಮಧ್ಯಾಹ್ನ ಹೋಗುತ್ತಿದ್ದೆವು. ಅತ್ತೆ ವರಾಂಡದಲ್ಲಿ ಕುಳಿತು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಒಳಗೆ ನಾನು ಪಾಟಿಯ ಮೇಲೆ ಅಕ್ಷರ ತಿದ್ದಿಸುತ್ತಿದ್ದೆ. ಪಾಠ ಮುಗಿದ ಮೇಲೆ ಅವರು ಪಿಯಾನೊದ ಮುಂದೆ ಕೂರುತ್ತಿದ್ದರು. ಗಾಡಿಯಲ್ಲಿ ಕೇಳಿದ್ದೇ ಅದು. ಅದನ್ನು ಸೊನಾಟಾ ಎನ್ನುತ್ತಾರೆ, ಅದಕ್ಕೆ ಮೂರು ಭಾಗ ಎಂದು ಹೇಳಿದರು: ಮೊದಲನೆಯದು ಚುರುಕು, ಎರಡನೆಯದು ನಿಧಾನ, ಮೂರನೆಯದು ಓಟ.

ಯಾರು ಕಲಿಸಿದರು ಎಂದು ಕೇಳಿದೆ. "ನನ್ನ ಅವ್ವ," ಎಂದರು. ನನ್ನಿಂದ ಕಲಿತ ಮಾತು ಅದು. ಅವ್ವನನ್ನು ನೋಡಿ ಒಂಬತ್ತು ವರ್ಷವಾಗಿತ್ತಂತೆ. ನನ್ನ ತವರು ಗಾಡಿಯಲ್ಲಿ ಒಂದು ದಿನದ ದಾರಿ. ಅವರದು ಸಮುದ್ರದ ಆಚೆ. ಅಂದು ನಾನು ತುಸು ಧೈರ್ಯ ಮಾಡಿ, "ನನಗೂ ಕಲಿಸ್ತೀರೇನ್ರಿ?" ಎಂದೆ.

ಸ್ವರ ಬರೆದ ಹಾಳೆ ಮುಂದಿಟ್ಟು ಎರಡನೆಯ ಭಾಗದಿಂದ ಶುರು ಮಾಡಿದರು. ನನ್ನದು ರೊಟ್ಟಿ ಬಡಿದು ಪಳಗಿದ ಕೈ. ಒತ್ತಬೇಕಾದಲ್ಲಿ ಬಡಿಯುತ್ತಿತ್ತು. ನನ್ನ ಕೈಬೆನ್ನಿನ ಮೇಲೆ ಅಂಗಿಯ ಗುಂಡಿಯೊಂದನ್ನಿಟ್ಟು, ಅದು ಬೀಳದ ಹಾಗೆ ನುಡಿಸು ಎಂದರು. ಬಲಗೈ ಹೇಗೋ ದಾರಿಗೆ ಬಂತು. ಎಡಗೈ ಮಾತ್ರ ಬಲಗೈಯ ಹಿಂದೆಯೇ ಓಡುತ್ತಿತ್ತು. ಮನೆಯಲ್ಲಿ ಸೀರೆಯ ಪೆಟ್ಟಿಗೆಯ ಮುಚ್ಚಳದ ಮೇಲೆ ಬೆರಳಾಡಿಸಿ ರೂಢಿ ಮಾಡಿಕೊಂಡೆ. ಗಂಡ ನೋಡಿ, "ಗೆದ್ದಲ ಹತ್ಯಾದೇನು, ಬಡದು ನೋಡಾಕತ್ತಿ?" ಎಂದು ನಕ್ಕರು.

ಒಂದು ಮಧ್ಯಾಹ್ನ ನಾನು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದೆ. ಏನೋ ತಪ್ಪುತ್ತಿತ್ತು; ಏನೆಂದು ತಿಳಿಯುತ್ತಿರಲಿಲ್ಲ. ವರಾಂಡದಿಂದ ಅತ್ತೆಯ ಧ್ವನಿ ಬಂತು.

"ಅಲ್ಲಿ ಒಂದೀಟು ತಡದು ಮುಂದ ಹೋಗಬೇಕವ್ವ. ಆಕಿ ತಡೀತಾಳ. ನೀ ಹಂಗೇ ಓಡ್ತಿ."

ಮೇಮ್‌ಸಾಹೇಬರಿಗೆ ಅರ್ಥ ಹೇಳಿದೆ. ಅವರು ಎದ್ದು ಹೋಗಿ ಅತ್ತೆಯನ್ನು ಕೈಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಅಂದಿನಿಂದ ಅತ್ತೆಯ ಜಾಗ ಅದೇ ಆಯಿತು. ಬೇಳೆಯ ಮೊರ ಮಾತ್ರ ತೊಡೆಯ ಮೇಲೇ ಇರುತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು. ಎರಡನೆಯ ಭಾಗ ಪೂರ್ತಿ ಬಂತು. ಚಳಿ ಕಳೆಯಲಿ, ಮೂರನೆಯದನ್ನು ಹಿಡಿಯೋಣ ಎಂದಿದ್ದರು. ಆ ಚಳಿಯಲ್ಲೇ ಊರಿಗೆ ಪ್ಲೇಗ್ ಬಂತು. ಇಲಿ ಸತ್ತು ಬೀಳತೊಡಗಿದ ಮೂರನೆಯ ದಿನ ನಮ್ಮ ಓಣಿ ಖಾಲಿಯಾಯಿತು. ಬಂಗಲೆಗೆ ಹೋಗಿ ಹೇಳಿಬರುವಷ್ಟೂ ಪುರುಸೊತ್ತಿರಲಿಲ್ಲ. ಗಾಡಿ ಕಟ್ಟಿಕೊಂಡು ಕಮಲಾಪುರಕ್ಕೆ ಬಂದು, ನಮ್ಮಪ್ಪನ ಬಾಳೆಯ ತೋಟದಲ್ಲಿ ಗುಡಿಸಲು ಹಾಕಿಕೊಂಡೆವು.

ಎಷ್ಟೋ ದಿನ ಹಂಬಲಿಸಿದ್ದ ತವರು ಅದು. ಆದರೆ ಅಲ್ಲಿ ಕುಳಿತು ನಾನು ಕಲಬುರಗಿಯ ಮಧ್ಯಾಹ್ನಗಳಿಗೆ ಹಂಬಲಿಸಿದೆ. ಅವ್ವ, "ಯಾಕ ಮಂಕಾಗಿದಿ?" ಎಂದು ಕೇಳಿದರೆ ಏನೋ ನೆವ ಹೇಳುತ್ತಿದ್ದೆ. ಅತ್ತೆಗೆ ಮಾತ್ರ ಗೊತ್ತಿತ್ತು.

ಐದು ತಿಂಗಳ ಮೇಲೆ ಮರಳಿದ ಮರುದಿನವೇ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತೆಗೆದುಕೊಂಡು ಇಬ್ಬರೂ ಬಂಗಲೆಗೆ ಹೋದೆವು. ಕಿಟಕಿಗಳೆಲ್ಲ ಮುಚ್ಚಿದ್ದವು. ಹಿಂಬದಿಯಲ್ಲಿ ಅಡುಗೆಯ ಮುದುಕರು ಒಬ್ಬರೇ ಇದ್ದರು. ಮೋಮಿನಪುರದವರು, ನಾವು ಹೋದಾಗಲೆಲ್ಲ ನೀರು ಕೊಡುತ್ತಿದ್ದವರು.

"ಸಾಹೇಬ್ರಿಗಿ ಬದ್ಲಿ ಆತ್ರಿ ಅಮ್ಮಾ. ಬಂಬಯಿಗಿ ಹೋಗ್ಯಾರ. ಆ ಬಾರಸೂ ಪೇಟಿನೂ ರೈಲಿನಾಗ ಹೋತು. ಮೇಮ್‌ಸಾಬ್ ನಿಮ್ಮ ಸಲುವಾಗಿ ಭಾಳ ಇಂತಜಾರ್ ಮಾಡಿದ್ರು, ದಿನಾ ದಾರಿ ನೋಡ್ತಿದ್ರು."

ಅವರು ಒಂದು ಕಾಗದದ ಕಟ್ಟನ್ನು ತಂದುಕೊಟ್ಟರು. ಸೊನಾಟಾದ ಸ್ವರ ಬರೆದ ಹಾಳೆಗಳು, ಮೂರೂ ಭಾಗದವು. ಮೇಲೆ ವಕ್ರ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಿತ್ತು: "ನಿನಗೆ. ಅತ್ತಿಗೂ." ಅದನ್ನು ಅತ್ತೆಗೆ ಓದಿ ಹೇಳಿದೆ. ಅತ್ತೆ ಹಣ್ಣನ್ನು ಮುದುಕರ ಕೈಗಿತ್ತು ನನ್ನ ಭುಜ ಹಿಡಿದುಕೊಂಡರು.

ಆಮೇಲೆ ಗಂಡನ ವ್ಯಾಪಾರ ಕಮಲಾಪುರಕ್ಕೇ ಬಂತು, ನಾವೂ ಬಂದೆವು. ಮಕ್ಕಳಾದವು. ಹಾಳೆಗಳನ್ನು ತೆಗೆದು ಓದುತ್ತಿದ್ದೆ. ಎರಡನೆಯ ಭಾಗ ಓದಿದರೆ ತಲೆಯಲ್ಲಿ ಕೇಳುತ್ತಿತ್ತು. ಮೂರನೆಯದು ಬರೀ ಕಪ್ಪು ಚುಕ್ಕಿ. ಅತ್ತೆ ತೀರಿಕೊಂಡರು.

ಅದಾದ ಬಹುಕಾಲದ ಮೇಲೆ ಮಗಳಿಗೆ ಗಂಡು ನೋಡಲು ಕಲಬುರಗಿಗೆ ಹೋದಾಗ, ಅಲ್ಲಿನ ಹುಡುಗಿಯರ ಶಾಲೆಯೊಂದರಲ್ಲಿ ಪಿಯಾನೊ ಇದೆಯೆಂದು ಮೊದಲೇ ಕೇಳಿದ್ದರಿಂದ, ಮನೆಯಿಂದಲೇ ತಂದಿದ್ದ ಹಾಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ಅಲ್ಲಿ ಪಿಯಾನೊ ಕಲಿಸುವ ಬಾಯಿಯವರು ಎಳೆಯ ವಯಸ್ಸಿನವರು. ಕೂರಿ ಎಂದರು. ನುಡಿಸಲು ನೋಡಿದೆ. ಬೆರಳು ಪೆಡಸಾಗಿದ್ದವು. ನಾಲ್ಕು ಸಾಲು ಬಂತು, ಐದನೆಯದು ಬರಲಿಲ್ಲ. ನಾನೇ ಎದ್ದು, "ಮೂರನೇದು ನೀವು ಬಾರಸ್ರಿ," ಎಂದೆ.

ಅವರು ಹಾಳೆ ನೋಡುತ್ತ, ತಡವರಿಸುತ್ತ ನುಡಿಸಿದರು. ಒಂದೆರಡು ಕಡೆ ನಿಂತು ಮತ್ತೆ ಹಿಂದಿನಿಂದ ಬಂದರು. ಚೆಂದವೇ ಇತ್ತು. ಆದರೆ ಕೇಳುತ್ತಿದ್ದಾಗ ನನಗೆ ಬೇಕಾಗಿದ್ದದ್ದು ಸ್ವರಗಳಲ್ಲ ಎಂದು ತಿಳಿಯಿತು. ಆ ಬಡಕಲು ಬೆನ್ನು ಬೇಕಾಗಿತ್ತು. ಪಕ್ಕದ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತ ಅತ್ತೆ ಬೇಕಾಗಿತ್ತು.

"ವಾರಕ್ಕೊಮ್ಮಿ ಬರ್ರಿ, ಕೂಡಿ ಕಲಿಯೋಣು," ಎಂದರು ಬಾಯಿಯವರು.

ಬರುತ್ತೇನೆ ಎಂದೆ. ಹಾಳೆಗಳನ್ನು ಅವರ ಬಳಿಯೇ ಬಿಟ್ಟು ಬಂದೆ. ಮತ್ತೆ ಹೋಗಲಾಗಲಿಲ್ಲ. ಸುಗ್ಗಿ ಬಂತು, ಮಗಳ ಮದುವೆ ಬಂತು, ಅದರ ಹಿಂದೆ ಅವಳ ಮೊದಲ ಬಾಣಂತನ ಬಂತು.