ರೀಮ್ಕೆಯ ಮುಷ್ಟಿ

ಫ್ರೀಸ್‌ಲ್ಯಾಂಡಿನ ಆ ಪುಟ್ಟ ಊರಿನಲ್ಲಿ ಶುಕ್ರವಾರದ ಸಂತೆಗೆ ಚರ್ಚಿನ ಗೋಪುರದ ಮೂವತ್ತೇಳು ಗಂಟೆಗಳನ್ನು ನುಡಿಸುವವಳು ರೀಮ್ಕೆ. ಮರದ ಹಿಡಿಗಳನ್ನು ಮುಷ್ಟಿಯಿಂದ ಗುದ್ದಬೇಕು, ಆಗ ಮೇಲೆ ಗಂಟೆ ಹಾಡುತ್ತದೆ. ಉಳಿದ ದಿನಗಳಲ್ಲಿ ಗಂಟೆಗಳನ್ನು ಯಂತ್ರವೇ ನುಡಿಸುತ್ತದೆ. ಇಪ್ಪತ್ತೆರಡು ವರ್ಷ ಗುದ್ದಿದ ಆ ಗಟ್ಟಿಗಿತ್ತಿಗೆ ಐವತ್ತಾರನೆಯ ವಯಸ್ಸಿನಲ್ಲಿ ಕೊರಳೆಲುಬು ಬಾತು, ಅಂಗೈ ತುಂಬ ಕೀವುಗುಳ್ಳೆಯೆದ್ದು, ಬ್ರೆಡ್ಡಿಗೆ ಬೆಣ್ಣೆ ಸವರುವುದೂ ಯಮಯಾತನೆಯಾಯಿತು. ಊರಿನ ವೈದ್ಯರು, ಯಾವ ನೋವಿಗೂ ಮೊದಲು ಅದನ್ನೇ ಕೊಡುವ ಅಲ್ಲಿನ ವಾಡಿಕೆಯಂತೆ, ಎರಡು ವರ್ಷ ಪ್ಯಾರಾಸಿಟಮಾಲ್ ನುಂಗಿಸಿದರು. ಸದ್ಯಕ್ಕೆ ಸಂತೆಗೂ ಯಂತ್ರ ನುಡಿಸಲಿ, ಬೇಸಿಗೆಯವರೆಗೆ ಕಾಯುತ್ತೇವೆ, ಗುಣವಾಗದಿದ್ದರೆ ಆಮೇಲೆ ಯಂತ್ರವೇ ಖಾಯಂ ಎಂದರು ನಗರಸಭೆಯವರು.

ಕಡೆಗೆ ದೊಡ್ಡಾಸ್ಪತ್ರೆಯ ಡಾಕ್ಟರ್ ಫಾನ್ ಡ್ರೂಟೆನ್ ಕಾಯಿಲೆಯ ಹೆಸರು ಹೇಳಿದರು: ಸಾಫೋ. ರೋಗಾಣುವಿನ ಸೋಂಕಿಲ್ಲದೆ ಮೈ ತನ್ನ ಮೂಳೆ, ಚರ್ಮಗಳನ್ನು ತಾನೇ ಉರಿಸಿಕೊಳ್ಳುವ ಅಪರೂಪದ ಬೇನೆ. ಕೊಟ್ಟ ಮಾತ್ರೆ ಮಾತ್ರ ರೋಗಾಣುವನ್ನು ಮಣಿಸುವ ಟೆಟ್ರಾಸೈಕ್ಲಿನ್. ಕಳ್ಳನೇ ಇಲ್ಲದ ಮನೆಗೆ ಪೊಲೀಸರೇಕೆ ಎಂದು ರೀಮ್ಕೆ ಕೇಳಿಯೇಬಿಟ್ಟಳು. ಕೆಲವರಿಗೆ ಅದು ಉರಿಯನ್ನೂ ತಣಿಸುತ್ತದೆ, ಮೂರು ತಿಂಗಳು ನೋಡೋಣ ಎಂದರು ಡಾಕ್ಟರು.

ಎರಡು ತಿಂಗಳಾದರೂ ನೋವು ಜಗ್ಗಲಿಲ್ಲ. ರೀಮ್ಕೆ ರಾಜೀನಾಮೆ ಬರೆದಿಟ್ಟು, ಕೂತು ಅತ್ತಳು. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆ ಹೇಗೆ ತಗೊಳ್ತೀರಿ ಎಂದು ವಿಚಾರಿಸಿದರು.

"ಊಟದ ಜೊತೆ. ಬ್ರೆಡ್ಡು, ಚೀಸು, ಮೇಲೆ ದೊಡ್ಡ ಲೋಟ ಮಜ್ಜಿಗೆ. ಇನ್ನು ಹೇಗೆ ತಗೋತಾರೆ?"

ಡಾಕ್ಟರು ಹಣೆ ಹಿಡಿದುಕೊಂಡರು. ಹಾಲಿನ ಪದಾರ್ಥ ಆ ಮದ್ದನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ಅದನ್ನೇ ಬರೆದಿತ್ತು, ಆದರೆ ಚೀಟಿ ಓದುವ ಪುರುಸೊತ್ತು ಯಾರಿಗಿದೆ?

"ಎರಡು ತಿಂಗಳು ಮಜ್ಜಿಗೆಗೆ ಚಿಕಿತ್ಸೆ ಕೊಟ್ಟಿದ್ದೀರಿ ಕಣ್ರೀ. ಇನ್ನು ಮೇಲಾದ್ರೂ ನಿಮಗೆ ಕೊಟ್ಕೊಳ್ಳಿ," ಎಂದರು.

ನಲವತ್ತು ಹಸು ಕಟ್ಟಿದ್ದ ಗಂಡ ಡೌವೆಗೆ ಇದು ಮನೆತನದ ಮರ್ಯಾದೆಯ ಪ್ರಶ್ನೆಯಾಯಿತು. ಹಾಲು ಯಾರಿಗೂ ಅಡ್ಡ ಬಂದದ್ದಿಲ್ಲ ಎಂದು ಎರಡು ದಿನ ಗೊಣಗಿದ. ಮೂರನೆಯ ದಿನ, ಊಟಕ್ಕೆ ಎರಡು ಗಂಟೆ ಮೊದಲು, ಮಾತ್ರೆಗೆಂದು ತಾನೇ ನೀರಿನ ಲೋಟ ತಂದಿಟ್ಟ. ಆರು ವಾರದಲ್ಲಿ ಗುಳ್ಳೆ ಒಣಗಿದವು, ಕೊರಳೆಲುಬಿನ ಬಾವು ಇಳಿಯಿತು.

ಅಲ್ಲಿನ ಬೇಸಿಗೆ ಆಗಷ್ಟೇ ಶುರುವಾಗಿದ್ದ ಜೂನ್ ಕೊನೆಯ ಶುಕ್ರವಾರ, ಯಾರಿಗೂ ಹೇಳದೆ, ರೀಮ್ಕೆ ಗೋಪುರ ಹತ್ತಿದಳು. ಮೊದಲ ಗುದ್ದಿಗೆ ಕಣ್ಣು ಮುಚ್ಚಿದಳು. ನೋಯಲಿಲ್ಲ. ಆ ಖುಷಿಯಲ್ಲಿ ಕೈ ಜಾರಿ ನಡುವೆ ಒಂದು ಗಂಟೆ ತಪ್ಪಿ ನುಡಿಯಿತು. ಊರಿಗೆಲ್ಲ ಕೇಳಿಸಿತಲ್ಲ ಎಂದು ನಾಚಿಕೊಂಡೇ ಕೆಳಗಿಳಿದಳು. ಮೀನು ಮಾರುವ ಟೀನೆ ಗೋಪುರದ ಬಾಗಿಲಲ್ಲೇ ಕಾದು ನಿಂತಿದ್ದಳು.

"ಆ ತಪ್ಪು ಕೇಳಿದ ಕೂಡಲೇ ಸಂತೆಯವರೆಲ್ಲ ತಲೆ ಎತ್ತಿದ್ವಿ ಕಣೇ. ಯಂತ್ರ ಆಗಿದ್ರೆ ತಪ್ಪು ನುಡಿಸ್ತಿರಲಿಲ್ಲ. ನೀನೇ ಬಂದಿದ್ದೀಯ ಅಂತ ಗೊತ್ತಾಯ್ತು."